ನೋವಾ, ಟ್ರೆವರ್

ದಕ್ಷಿಣ ಆಫ್ರಿಕಾದ ಸ್ಟ್ಯಾಂಡ್‌ಅಪ್ ಹಾಸ್ಯಗಾರ, ಲೇಖಕ. 1984ರ ಫೆಬ್ರವರಿ 20ರಂದು ಜೊಹಾನ್ಸ್‌ಬರ್ಗ್‌ನಲ್ಲಿ ಜನನ. ತಾಯಿ ಪೆಟ್ರಿಷಿಯಾ ಖೋಸಾ ಜನಾಂಗದವರು, ತಂದೆ ಸ್ವಿಸ್ ಮೂಲದ ಬಿಳಿಯ. ಬಿಳಿಯರ ಮತ್ತು ಕರಿಯರ ನಡುವಿನ ದೈಹಿಕ ಸಂಬಂಧವನ್ನು ನಿಷೇಧಿಸಿದ್ದ ವರ್ಣಭೇದ ಕಾಲದ ಕಾನೂನು ರದ್ದಾದದ್ದು 1985ರಲ್ಲಿ. ಅಂದರೆ ಈತ ಹುಟ್ಟಿದ್ದೇ ಒಂದು ಅಪರಾಧದ ಸಾಕ್ಷಿಯಾಗಿ. 2016ರ ಆತ್ಮಕಥನ ‘ಬಾರ್ನ್ ಎ ಕ್ರೈಮ್’ನ ಹೆಸರಿನ ಹಿಂದಿರುವುದು ಇದೇ.

ಪೊಲೀಸರು ಕಂಡೊಡನೆ ತಾಯಿ ಮಗುವಿನ ಕೈ ಬಿಟ್ಟು, ತನ್ನದಲ್ಲವೆಂಬಂತೆ ನಡೆಯಬೇಕಿದ್ದುದನ್ನು ಈತ ವೇದಿಕೆಯಲ್ಲಿ ನಗೆಯಾಗಿಸುತ್ತಾನೆ. ಕರಿಯರ ಬಡಾವಣೆಯಾದ ಸೊವೆಟೊದಲ್ಲಿ ಅಜ್ಜಿಯೂ ಅದೇ ಭಯದಿಂದ ಮೊಮ್ಮಗನನ್ನು ಬೀದಿಗೆ ಬಿಡುತ್ತಿರಲಿಲ್ಲ. ಎಲ್ಲಿಯೂ ಪೂರ್ತಿ ಸೇರದವನಿಗೆ ಭಾಷೆಯೇ ರಹದಾರಿಯಾಯಿತು: ಖೋಸಾ, ಜುಲು, ಇಂಗ್ಲಿಷ್ ಮೊದಲಾದ ನುಡಿಗಳನ್ನೂ ಅವುಗಳ ಉಚ್ಚಾರದ ವರಸೆಗಳನ್ನೂ ಅಣಕಿಸುವುದರಲ್ಲಿ ಈತನ ನಿಜವಾದ ಕಸುಬುಗಾರಿಕೆ ಇದೆ, ರಾಜಕೀಯ ಟೀಕೆ ಅದರ ಮುಂದೆ ಸಪ್ಪೆ.

ಅಮೆರಿಕದ ಟಿವಿ ಕಾರ್ಯಕ್ರಮ ‘ದಿ ಡೈಲಿ ಶೋ’ವನ್ನು 2015ರಿಂದ 2022ರವರೆಗೆ ನಡೆಸಿದ. ‘ಸನ್ ಆಫ್ ಪೆಟ್ರಿಷಿಯಾ’ (2018) ಹೆಸರಾದ ಪ್ರದರ್ಶನ. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿಗೂ ಬಂದಿದ್ದ. ಆದರೆ ಧ್ವನಿವ್ಯವಸ್ಥೆ ಕೈಕೊಟ್ಟು ಪ್ರದರ್ಶನಗಳು ರದ್ದಾದವು.