ರಾಣೆಬೆನ್ನೂರು ಪರಿಸರದ ಪುರಾಣ ಪ್ರವಚನ ಮತ್ತು ಮಾತಿನ ಶಿಕ್ಷಣ

ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ಪ್ರತಿವರ್ಷ ಮಹಾನವಮಿಯ ಸಂದರ್ಭದಲ್ಲಿ ಮಾಲತೇಶನ ಕಾರಣಿಕ ನಡೆಯುತ್ತದೆ. ಉಪವಾಸವ್ರತದಲ್ಲಿದ್ದ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದೊಡನೆ ನೆರೆದ ಜನಸ್ತೋಮ ಮೌನವಾಗುತ್ತದೆ. ಅವನು ನುಡಿದ ಒಂದೇ ವಾಕ್ಯವನ್ನು ಮಳೆ ಬೆಳೆಗಳಿಗೆ ಅನ್ವಯಿಸಿ ಅರ್ಥೈಸುವ ಹೊಣೆ ಕೇಳಿದವರದು. ಈ ನುಡಿ ದೈವದತ್ತವೆಂಬ ನಂಬಿಕೆಯಿರುವುದರಿಂದ ಅದನ್ನು ಕಲಿಸುವ ಪ್ರಶ್ನೆ ಏಳುವುದಿಲ್ಲ. ಆದರೆ ಸಭೆಯಲ್ಲಿ ಆಡುವ ಮಾತು ಗುರುಮುಖದಿಂದ ಕಲಿಯಬೇಕಾದ ವಿದ್ಯೆ ಎಂಬ ನಿಲುವಿಗೆ ಸಾಂಸ್ಥಿಕ ರೂಪ ಕೊಟ್ಟ ಹಾನಗಲ್ಲ ಕುಮಾರ ಶಿವಯೋಗಿಗಳೂ ಇದೇ ತಾಲೂಕಿನವರು. ಅವರು ಜನಿಸಿದ್ದು 1867ರಲ್ಲಿ, ಜೋಯಿಸರಹರಳಹಳ್ಳಿಯಲ್ಲಿ.

ಕುಮಾರ ಶಿವಯೋಗಿಗಳು 1909ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದರು. ಮಠಾಧಿಕಾರಕ್ಕೆ ಬರುವ ವಟುಗಳಿಗೆ ಸಂಸ್ಕೃತ, ಕನ್ನಡ, ಯೋಗ, ಸಂಗೀತಗಳ ವ್ಯವಸ್ಥಿತ ಅಭ್ಯಾಸ ಅಲ್ಲಿ ದೊರೆಯಿತು. ಪೀಠವೇರಿದವನಿಗೆ ಮಾತು ತಾನಾಗಿ ಒಲಿಯುತ್ತದೆಂಬ ಭಾವನೆಗೆ ಇದು ಕೊಟ್ಟ ಉತ್ತರವೆನ್ನಬಹುದು.

ಈ ಶಿಕ್ಷಣದ ಹಿಂದಿದ್ದ ಪುರಾಣ ಪ್ರವಚನದ ಕ್ರಮವನ್ನು ತುಸು ವಿವರವಾಗಿ ನೋಡಬೇಕು. ಉತ್ತರ ಕರ್ನಾಟಕದ ಊರುಗಳಲ್ಲಿ ಶ್ರಾವಣ ಮಾಸವಿಡೀ ಸಂಜೆಯ ಹೊತ್ತು ಮಠದಲ್ಲೋ ಗುಡಿಯಲ್ಲೋ ಪುರಾಣ ನಡೆಯುತ್ತದೆ. ಗವಾಯಿಗಳು ಹಾರ್ಮೋನಿಯಂ, ತಬಲಾ ಸಾಥಿಯೊಂದಿಗೆ ಪದ್ಯವನ್ನು ಹಾಡಿದರೆ ಪುರಾಣಿಕರು ಅದರ ಅರ್ಥವನ್ನು ಗದ್ಯದಲ್ಲಿ ಬಿಡಿಸಿ ಹೇಳುತ್ತಾರೆ. ಕೆಲವೆಡೆ ಒಬ್ಬರೇ ಎರಡನ್ನೂ ನಿರ್ವಹಿಸುವುದುಂಟು. ಭೀಮಕವಿಯ ಬಸವಪುರಾಣ, ಚಾಮರಸನ ಪ್ರಭುಲಿಂಗಲೀಲೆ ಮೊದಲಾದವು ಭಾಮಿನಿ ಷಟ್ಪದಿಯಲ್ಲಿವೆ. ಈ ಛಂದಸ್ಸಿನಲ್ಲಿ 1, 2, 4, 5ನೆಯ ಸಾಲುಗಳಿಗೆ 14 ಮಾತ್ರೆಗಳಿದ್ದರೆ 3 ಮತ್ತು 6ನೆಯ ಸಾಲುಗಳು 23 ಮಾತ್ರೆಗಳಷ್ಟು ನೀಳವಾಗಿವೆ. ನೀಳಸಾಲಿನ ಕೊನೆ ಉಸಿರಿಗೂ ಅರ್ಥಕ್ಕೂ ಸಹಜವಾದ ನಿಲುಗಡೆ. ಸಂಧಿಗಳನ್ನು ಎಲ್ಲಿ ಒಡೆಯಬೇಕು, ಯಾವ ಪದವನ್ನು ಎರಡು ಸಲ ಹಾಡಬೇಕು, ಉಪಕಥೆಯಿಂದ ಮೂಲಕಥೆಗೆ ಯಾವಾಗ ಮರಳಬೇಕು ಎಂಬುದೆಲ್ಲ ಅಭ್ಯಾಸದಿಂದ ಬರುವ ಮಾತು. ಕೇಳುವವರಲ್ಲಿ ಬಹುಪಾಲು ಒಕ್ಕಲು ಮಕ್ಕಳು, ದಿನದ ದುಡಿಮೆ ಮುಗಿಸಿ ಬಂದವರು. ಅರ್ಥ ಹೇಳುವವರ ಮಾತು ಬಿಗಿ ತಪ್ಪಿದರೆ ಮರುದಿನ ಸಭೆ ತೆಳುವಾಗುತ್ತದೆ, ಪರೀಕ್ಷೆಯೆಂದರೆ ಅಷ್ಟೆ.

ಕಣ್ಣಿನ ಓದಿಗಿಂತ ಕಿವಿಯ ನೆನಪನ್ನು ಹೆಚ್ಚಾಗಿ ಬೇಡುವ ಈ ವಿದ್ಯೆ ಅಂಧ ಬಾಲಕರಿಗೆ ಬದುಕಿನ ದಾರಿಯಾದುದು ವಿಶೇಷ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಗದಿಗೆಯ್ಯ ಮತ್ತು ಅವರ ಅಣ್ಣ ಗುರುಬಸಯ್ಯ ಇಬ್ಬರೂ ಅಂಧರು. ಈ ಸಹೋದರರ ಕಂಠವನ್ನು ಗುರುತಿಸಿ ಸಂಗೀತ ಶಿಕ್ಷಣಕ್ಕೆ ವ್ಯವಸ್ಥೆ ಮಾಡಿದವರು ಕುಮಾರ ಶಿವಯೋಗಿಗಳು. ಗದಿಗೆಯ್ಯನವರೇ ಮುಂದೆ ಪಂಚಾಕ್ಷರಿ ಗವಾಯಿಗಳೆಂದು ಪ್ರಸಿದ್ಧರಾದರು. ಅವರ ಪಾಠಶಾಲೆ ಬಹುಕಾಲ ಊರಿಂದೂರಿಗೆ ಸಂಚರಿಸಿ, 1940ರ ದಶಕದ ಆರಂಭದಲ್ಲಿ ಗದುಗಿನ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆನಿಂತಿತು. ಪಂಚಾಕ್ಷರಿ ಗವಾಯಿಗಳು 1944ರಲ್ಲಿ ಲಿಂಗೈಕ್ಯರಾದರು.

ಅವರ ಉತ್ತರಾಧಿಕಾರಿ ಪುಟ್ಟರಾಜ ಗವಾಯಿಗಳು (1914–2010) ಇಂದಿನ ಹಾವೇರಿ ಜಿಲ್ಲೆಯ ದೇವಗಿರಿಯವರು. ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡವರು. ಹಾಡುವುದರ ಜೊತೆಗೆ ಪುರಾಣಗಳನ್ನೂ ನಾಟಕಗಳನ್ನೂ ಸ್ವತಃ ರಚಿಸಿದರು. ಆಶ್ರಮದ ಅನ್ನದಾಸೋಹಕ್ಕೆ ನಾಟಕ ಕಂಪನಿಯ ಗಳಿಕೆ ನೆರವಾಯಿತು. ಧ್ವನಿವರ್ಧಕ ಇನ್ನೂ ಹಳ್ಳಿ ತಲುಪದಿದ್ದ ಕಾಲದಲ್ಲಿ, ಕೊನೆಯ ಸಾಲಿನಲ್ಲಿ ಕುಳಿತವನಿಗೂ ಮಾತು ಮುಟ್ಟಿಸುವ ಪಾಠ ರಂಗದ ಮೇಲೆ ದೊರೆತಿರಬೇಕೆಂದು ಊಹಿಸಲು ಅವಕಾಶವಿದೆ.

ಪುಣ್ಯಾಶ್ರಮವನ್ನು ಸಂಗೀತದ ನೆಲೆಯಿಂದ ಮಾತ್ರ ನೋಡುವುದು ರೂಢಿ. ಅದು ಅಪೂರ್ಣ ನೋಟ. ಇಲ್ಲಿ ಕಲಿತವರೆಲ್ಲ ಕಚೇರಿಯ ಗಾಯಕರಾಗಲಿಲ್ಲ. ಅನೇಕರು ಕೀರ್ತನಕಾರರಾಗಿ, ಪುರಾಣಿಕರಾಗಿ, ಪುರಾಣಕ್ಕೆ ಹಾಡುವ ಗವಾಯಿಗಳಾಗಿ ಊರೂರು ಸುತ್ತಿದರು. ಹಾಗೆ ಬಂದವರನ್ನು ಊರವರು ತಿಂಗಳಿಡೀ ಮಠದಲ್ಲಿ ಇರಿಸಿಕೊಂಡು, ಪುರಾಣ ಮಂಗಲದ ದಿನ ಶಾಲು ಹೊದಿಸಿ, ಕಾಣಿಕೆ ಸಲ್ಲಿಸಿ ಬೀಳ್ಕೊಡುತ್ತಿದ್ದರು.