ಹೈದರಾಬಾದಿನ ಅರಿವಳಿಕೆ ವಿದ್ಯೆಯೂ ಅದರ ಶಿಷ್ಯವರ್ಗವೂ

ಬಲ್ಲಾಳಕವಿಯ ಭೋಜಪ್ರಬಂಧದಲ್ಲಿ ವೈದ್ಯರಿಬ್ಬರು ಭೋಜರಾಜನನ್ನು ಮೋಹಚೂರ್ಣದಿಂದ ಮೂರ್ಛೆಗೊಳಿಸಿ ಶಿರಸ್ಸಿನ ಶಸ್ತ್ರಚಿಕಿತ್ಸೆಯನ್ನು ನೆರವೇರಿಸಿದ ಕಥೆಯು ವಿದ್ವಜ್ಜನರಿಗೆ ವಿದಿತವಾದುದೇ. ಅರಿವಳಿಕೆಯ ವಿದ್ಯೆಯು ನಮ್ಮಲ್ಲಿ ಪ್ರಾಚೀನವೆಂಬುದಕ್ಕೆ ಇದನ್ನು ಪ್ರಮಾಣವಾಗಿ ಎತ್ತಿ ಹೇಳುವವರುಂಟು. ಆದರೆ ಆ ವೈದ್ಯರು ವೇಷ ಮರೆಸಿ ಬಂದ ಅಶ್ವಿನೀದೇವತೆಗಳು. ಕಾರ್ಯವು ಮುಗಿದೊಡನೆ ಅಂತರ್ಧಾನರಾಗುತ್ತಾರೆ. ರಾಜನಿಗೆ ಆರೋಗ್ಯವು ಲಭಿಸಿತು. ಧಾರಾನಗರದಲ್ಲಿ ವಿದ್ಯೆಯು ನಿಲ್ಲಲಿಲ್ಲ. ಹೊರಗಿನಿಂದ ಬಂದ ವಿದ್ಯೆಯೊಂದು ನಾಡಿನಲ್ಲಿ ನೆಲೆಗೊಳ್ಳುವುದು ಶಿಷ್ಯರಿಂದ ಎಂಬುದಕ್ಕೆ ಹೈದರಾಬಾದಿನ ಚರಿತ್ರೆಯೇ ತಕ್ಕ ನಿದರ್ಶನ. ಬೀದರ, ಕಲಬುರ್ಗಿ, ರಾಯಚೂರು ಸೀಮೆಗಳು ೧೯೪೮ರವರೆಗೆ ಆ ಸಂಸ್ಥಾನಕ್ಕೆ ಸೇರಿದ್ದುದರಿಂದ ಇದು ಕನ್ನಡಿಗರಿಗೂ ಸಂಬಂಧಪಟ್ಟ ವಿಷಯವಾಗಿದೆ.

ಬೋಸ್ಟನ್ ನಗರದಲ್ಲಿ ಈಥರಿನ ಪ್ರಯೋಗವು ಪ್ರಸಿದ್ಧಿಗೆ ಬಂದ ೧೮೪೬ರಲ್ಲಿಯೇ ಹೈದರಾಬಾದಿನ ವೈದ್ಯಶಾಲೆಯು ಸ್ಥಾಪಿತವಾಯಿತು. ಮೊದಲಲ್ಲಿ ಅಲ್ಲಿಯ ಪಾಠಪ್ರವಚನಗಳು ಉರ್ದುವಿನಲ್ಲಿ ನಡೆಯುತ್ತಿದ್ದುವು. ಮರುವರ್ಷ ಎಡಿನ್‌ಬರೋದಲ್ಲಿ ಸಿಂಪ್ಸನ್ನನು ಕ್ಲೋರೋಫಾರಮನ್ನು ಬಳಕೆಗೆ ತಂದನು. ೧೮೮೦ರ ದಶಕದಲ್ಲಿ ಈ ಶಾಲೆಯ ಮುಖ್ಯಸ್ಥನಾದ ಎಡ್ವರ್ಡ್ ಲಾರಿಯು ಅದೇ ಎಡಿನ್‌ಬರೋದ ಸೈಮ್ ಎಂಬ ಶಸ್ತ್ರವೈದ್ಯನ ಮತವನ್ನು ಅನುಸರಿಸಿದವನು. ಕ್ಲೋರೋಫಾರಮನ್ನು ಕೊಡುವವನು ನಾಡಿಯನ್ನಲ್ಲ, ಉಸಿರಾಟವನ್ನೇ ನೋಡುತ್ತಿರಬೇಕೆಂಬುದು ಆ ಮತದ ಸಾರ. ಲಾರಿಯು ಇದನ್ನು ತನ್ನ ವಿದ್ಯಾರ್ಥಿಗಳ ಕೈಯಿಂದಲೇ ಮಾಡಿಸಿ ಅಭ್ಯಾಸಮಾಡಿಸಿದನು.

ಲಂಡನ್ನಿನ ಪಂಡಿತರು ಇದನ್ನು ಒಪ್ಪದಿರಲು, ನಿಜಾಮರ ದ್ರವ್ಯಸಹಾಯದಿಂದ ೧೮೮೮, ೧೮೮೯ರಲ್ಲಿ ಎರಡು ಆಯೋಗಗಳು ಪ್ರಾಣಿಗಳ ಮೇಲೆ ಪರೀಕ್ಷೆಗಳನ್ನು ನಡೆಸಿದುವು. ಎರಡನೆಯದಕ್ಕೆ ಲಂಡನ್ನಿನಿಂದ ಲಾಡರ್ ಬ್ರಂಟನ್ ಬಂದನು. ಸ್ಥಳೀಯ ವೈದ್ಯರಾದ ರುಸ್ತುಮ್‌ಜಿ ಹಕೀಮರೂ ಅದರ ಸದಸ್ಯರಾಗಿದ್ದರು. ಹೃದಯಕ್ಕಿಂತ ಮೊದಲು ಶ್ವಾಸವೇ ನಿಲ್ಲುವುದೆಂದು ಆಯೋಗವು ನಿರ್ಣಯಿಸಿತು. ಈ ಸಿದ್ಧಾಂತವು ಪೂರ್ಣವಾಗಿ ನಿಲ್ಲಲಿಲ್ಲ. ಅಲ್ಪಪ್ರಮಾಣದ ಕ್ಲೋರೋಫಾರಮಿನಿಂದಲೂ ಹೃದಯದ ಗತಿಯು ಕೆಟ್ಟು ಹಠಾನ್ಮರಣವು ಸಂಭವಿಸಬಹುದೆಂದು ೧೯೧೧ರಲ್ಲಿ ಲೆವಿ ಎಂಬಾತನು ತೋರಿಸಿದನು.

ಹಾಗಾದರೆ ಹೈದರಾಬಾದಿನ ಕೀರ್ತಿಗೆ ಆಧಾರವೇನು? ಶಿಷ್ಯರೇ ಆಧಾರ. ೧೮೮೫ರಲ್ಲಿ ಆ ಶಾಲೆಯನ್ನು ಸೇರಿದ ಮಹಿಳೆಯರಲ್ಲಿ ಒಬ್ಬರಾದ ರೂಪಾಬಾಯಿ ಫರ್ದೂನ್‌ಜಿಯವರು ೧೮೮೯ರಲ್ಲಿ ಉತ್ತೀರ್ಣರಾಗಿ, ಅದೇ ನಗರದ ಆಸ್ಪತ್ರೆಗಳಲ್ಲಿ ಅರಿವಳಿಕೆಯನ್ನು ಕೊಡುವ ಕಾರ್ಯದಲ್ಲಿ ನಿರತರಾದರು. ಜಗತ್ತಿನ ಮೊತ್ತಮೊದಲ ಅರಿವಳಿಕೆ ವೈದ್ಯೆಯರಲ್ಲಿ ಅವರನ್ನು ಚರಿತ್ರಕಾರರು ಎಣಿಸುತ್ತಾರೆ. ಗುರುವಿನ ಸಿದ್ಧಾಂತದಲ್ಲಿ ದೋಷವು ಕಂಡುಬಂದರೂ, ರೋಗಿಯ ಉಸಿರನ್ನು ಕ್ಷಣಕ್ಷಣವೂ ಗಮನಿಸಬೇಕೆಂಬ ಶಿಕ್ಷಣವು ವ್ಯರ್ಥವಾಗಲಿಲ್ಲ.

ವೈದ್ಯರ ಅಭಾವವುಳ್ಳ ದೇಶಗಳಿಗೆ ಹೊರಗಿನ ತಜ್ಞರು ಬಂದು ಶಸ್ತ್ರಚಿಕಿತ್ಸೆ ಮಾಡಿ ಹಿಂದಿರುಗುವುದು ಇಂದಿಗೂ ಉಂಟು. ಅದು ಉಪಕಾರವೇ ಸರಿ; ಆದರೆ ಅಶ್ವಿನೀದೇವತೆಗಳ ಉಪಕಾರದಂತಹುದು. ಆಯಾ ನಾಡಿನವರಿಗೆ ಆಯಾ ನಾಡಿನಲ್ಲಿಯೇ ಕಲಿಸಿದಲ್ಲಿ ಮಾತ್ರ ವಿದ್ಯೆಯು ಅಲ್ಲಿ ಉಳಿಯುತ್ತದೆಂಬುದನ್ನು ಈ ಚರಿತ್ರೆಯಿಂದ ತಿಳಿಯತಕ್ಕದ್ದು.