ಚೀಲದ ಮೇಲೆ ಹೆಸರು ನಮ್ಮದು, ಇಮೇಲ್ ಯಾರದು?

ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ನಂದೂರ ಕೈಗಾರಿಕಾ ಪ್ರದೇಶದಿಂದ ಹೊರಡುವ ಬೇಳೆ ಚೀಲದ ಮೇಲೆ ಮಿಲ್ಲಿನ ಹೆಸರು ದಪ್ಪ ಅಕ್ಷರದಲ್ಲಿ ಇರುತ್ತದೆ. ಇಮೇಲ್ ವಿಳಾಸ ಕೇಳಿದರೆ ಮಾತ್ರ ಬಹಳ ಕಡೆ ಕೊನೆಗೆ ಜಿಮೇಲ್ ಅಂತಲೇ ಬರುತ್ತದೆ. ವ್ಯಾಪಾರದ ಪತ್ರಗಳೆಲ್ಲ ಬೇರೆಯವರ ಕಂಪ್ಯೂಟರಿನಲ್ಲಿವೆ ಎಂದರ್ಥ. ಹೀಗೇ ಆಗಬೇಕೆಂದು ಯಾರೂ ನಿಯಮ ಮಾಡಿರಲಿಲ್ಲ.

ಇಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮ ಬಂದದ್ದು 1982ರಲ್ಲಿ. ಅದರ ಪ್ರಕಾರ ಇಂಟರ್ನೆಟ್‌ಗೆ ಸೇರಿದ ಯಾವ ಕಂಪ್ಯೂಟರ್ ಬೇಕಾದರೂ ಅಂಚೆ ಕಚೇರಿ ಆಗಬಹುದು. ಅದಕ್ಕೇ ಸರ್ವರ್ ಅನ್ನುತ್ತಾರೆ.

1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ನಮ್ಮ ದೇಶದ ಜನರಿಗೆ ಇಂಟರ್ನೆಟ್ ತೆರೆಯಿತು. ಆಗ ಫೋನ್ ಹಚ್ಚಿ ಕನೆಕ್ಷನ್ ಪಡೆಯಬೇಕು, ಮೇಲ್ ನೋಡಿ ಕಡಿಯಬೇಕು. ಹಗಲು ರಾತ್ರಿ ನಡೆಯುವ ಸರ್ವರ್ ಸಣ್ಣ ವ್ಯಾಪಾರಿಗೆ ದೂರದ ಮಾತಾಗಿತ್ತು.

2005ರಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಬಂತು. ವೇಗ 256 ಕೆಬಿಪಿಎಸ್. ವಿಡಿಯೋಗೆ ಸಾಲದು, ಪತ್ರಗಳಿಗೆ ಧಾರಾಳ. ಪೋಸ್ಟ್‌ಫಿಕ್ಸ್‌ನಂಥ ಸರ್ವರ್ ತಂತ್ರಾಂಶ 1998ರಿಂದಲೇ ಉಚಿತವಾಗಿತ್ತು. ಹಳೆಯ ಕಂಪ್ಯೂಟರ್ ಒಂದಿದ್ದರೆ ಆಯಿತು. ಕರೆಂಟ್ ಹೋದರೂ ಪತ್ರ ಕಳೆಯುವುದಿಲ್ಲ. ಕಳಿಸುವ ಸರ್ವರ್ ನಾಲ್ಕೈದು ದಿನ ಮತ್ತೆ ಮತ್ತೆ ಪ್ರಯತ್ನಿಸಬೇಕು ಎಂದು ನಿಯಮದಲ್ಲೇ ಇದೆ.

ಆದರೆ ಕಳಿಸುವ ದಾರಿ ಅಷ್ಟರಲ್ಲಿ ಮುಚ್ಚತೊಡಗಿತ್ತು. ಲೋಕದ ತುಂಬ ಸ್ಪ್ಯಾಮ್, ಅಂದರೆ ಕಸದ ಮೇಲ್, ಹೆಚ್ಚಿತ್ತು. ಅಗ್ಗದ ಕನೆಕ್ಷನ್ನಿನ ಐಪಿ ವಿಳಾಸ ಆಗಾಗ ಬದಲಾಗುತ್ತದೆ. ಮನೆ ನಂಬರ್ ದಿನಕ್ಕೊಂದಾದರೆ ಯಾರು ನಂಬಿಯಾರು? ಅಂಥ ವಿಳಾಸಗಳ ಪಟ್ಟಿ ಮಾಡಿ, ಅಲ್ಲಿಂದ ನೇರವಾಗಿ ಬಂದ ಪತ್ರವನ್ನು ದೊಡ್ಡ ಸರ್ವರ್‌ಗಳು ವಾಪಸ್ ಕಳಿಸತೊಡಗಿದವು. 2011ರಲ್ಲಿ ಜಾಗತಿಕ ಸಂಸ್ಥೆಯ ಬಳಿ ಹಂಚಲು ಹಳೆಯ ಬಗೆಯ ಐಪಿ ವಿಳಾಸಗಳೇ ಮುಗಿದವು. ಹಲವು ಗಿರಾಕಿಗಳಿಗೆ ಒಂದೇ ವಿಳಾಸ ಹಂಚುವ ಪದ್ಧತಿ ಹಬ್ಬಿತು. ಈಗ ಫೈಬರ್ ವೇಗ ಎಷ್ಟಿದ್ದರೂ, ಸ್ಥಿರ ಐಪಿಗೆ ಬೇರೆ ದುಡ್ಡು ಕೊಡದೆ ಸರ್ವರ್ ನಡೆಯುವುದು ಕಷ್ಟ.

ಇತ್ತ 2004ರ ಏಪ್ರಿಲ್ 1ರಂದು ಜಿಮೇಲ್ 1 ಜಿಬಿ ಜಾಗವನ್ನು ಪುಕ್ಕಟೆ ಕೊಟ್ಟಿತು. ಆಗ ಹಾಟ್‌ಮೇಲ್ ಕೊಡುತ್ತಿದ್ದದ್ದು 2 ಎಂಬಿ. ಜನ ಅತ್ತ ಹೋದದ್ದರಲ್ಲಿ ತಪ್ಪಿಲ್ಲ.

ಸರ್ವರ್ ಕೈತಪ್ಪಿದರೂ ಹೆಸರು ಕೈಯಲ್ಲಿ ಉಳಿಯಬಹುದು ಎಂಬುದೇ ನಾವು ಹೇಳಬೇಕಾದ ಮಾತು. ಡೊಮೇನ್ ಅಂದರೆ ಇಮೇಲ್‌ನಲ್ಲಿ @ ಗುರುತಿನ ನಂತರ ಬರುವ ಹೆಸರು. ವರ್ಷಕ್ಕೆ ಸುಮಾರು ಸಾವಿರ ರೂಪಾಯಿಗೆ ಅದನ್ನು ಮಿಲ್ಲಿನ ಹೆಸರಲ್ಲೇ ನೋಂದಾಯಿಸಬಹುದು. ಮೇಲ್ ಇಡಲು ಯಾವುದಾದರೂ ಕಂಪನಿಯ ಸರ್ವರ್ ಬಾಡಿಗೆಗೆ ಹಿಡಿಯಬಹುದು. ಆ ಕಂಪನಿ ಬೇಡವಾದರೆ ಬೇರೆ ಕಡೆ ಹೋಗಬಹುದು, ವಿಳಾಸ ಬದಲಾಗದು. ಗೋದಾಮು ಬದಲಿಸಿದರೆ ಅಂಗಡಿಯ ಹೆಸರು ಬದಲಾಗುತ್ತದೆಯೇ?

ಇದು ಬರೀ ಪ್ರತಿಷ್ಠೆಯ ಮಾತಲ್ಲ. 2017ರ ಜುಲೈ 1ರಿಂದ ಜಿಎಸ್‌ಟಿ ಬಂತು. ಅದರ ನೋಂದಣಿಗೆ ಮೊಬೈಲ್ ಜೊತೆ ಇಮೇಲ್‌ಗೂ ಒಟಿಪಿ ಬರುತ್ತದೆ. ಲೆಕ್ಕ ಬರೆಯುವವರು ತಮ್ಮ ಹೆಸರಲ್ಲಿ ತೆರೆದ ಮೇಲ್ ಕೊಟ್ಟು, ಮುಂದೆ ಕೆಲಸ ಬಿಟ್ಟರೆ ಮಾಲೀಕ ಅವರ ಬೆನ್ನು ಹತ್ತಬೇಕು.

ನಂದೂರಿನ ಮಿಲ್ಲಿನವರಿರಲಿ, ಕಮಲಾಪುರದ ಕೆಂಪು ಬಾಳೆ ವ್ಯಾಪಾರಿಗಳಿರಲಿ, ಇವತ್ತೇ ವಿಚಾರಿಸಿ. ನಿಮ್ಮ ಮೇಲ್‌ನ ಪಾಸ್‌ವರ್ಡ್ ಯಾರ ಹತ್ತಿರ ಇದೆ? ಅದಕ್ಕೆ ಜೋಡಿಸಿದ ಮೊಬೈಲ್ ನಂಬರ್ ಯಾರದು?